ಶಾಲೆಯಲ್ಲಿ ಸಾಲದ ಪಾಠ

(ಬಾನುಲಿ ಭಾಷಣ)



ನಮ್ಮ ಮಕ್ಕಳು ಸಾಲವೆಂಬುದನ್ನು ಮೂರು ಕಡೆ ಓದುತ್ತಾರೆ. ಕನ್ನಡದ ಅಧ್ಯಾಪಕರ ಬಾಯಿಂದ ಸರ್ವಜ್ಞನ ತ್ರಿಪದಿಯನ್ನು ಕೇಳಿ, ಸಾಲ ತರುವಾಗಿನ ಸುಖವನ್ನೂ ತೀರಿಸುವಾಗಿನ ಸಂಕಟವನ್ನೂ ಬಾಯಿಪಾಠ ಮಾಡುತ್ತಾರೆ. ಗಣಿತದ ತರಗತಿಯಲ್ಲಿ ಅಸಲು, ದರ, ಅವಧಿಗಳನ್ನು ಗುಣಿಸಿ ನೂರರಿಂದ ಭಾಗಿಸುತ್ತಾರೆ. ಸಮಾಜವಿಜ್ಞಾನದಲ್ಲಿ ಬ್ಯಾಂಕಿನ ಕಾರ್ಯಗಳನ್ನು ಸಾಲಾಗಿ ಬರೆದು ಅಂಕ ಪಡೆಯುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಗಂಟೆ ಬಾರಿಸುತ್ತದೆ. ಗಂಟೆಯೊಡನೆ ಹಿಂದಿನ ಪುಸ್ತಕ ಚೀಲ ಸೇರುತ್ತದೆ. ಮೂರನ್ನೂ ಒಟ್ಟಿಗೆ ಇಟ್ಟು ಯಾರೂ ಮಾತನಾಡುವುದಿಲ್ಲ.

ಆದುದರಿಂದ ಶಾಲೆಯಲ್ಲಿ ಅರ್ಥಶಾಸ್ತ್ರವೇ ಇಲ್ಲವೆಂದು ದೂರುವವರ ಗುಂಪಿಗೆ ನಾನು ಸೇರಿದವನಲ್ಲ. ಇದೆ, ವ್ಯಾಖ್ಯೆಗಳ ರೂಪದಲ್ಲಿ ಸಾಕಷ್ಟೇ ಇದೆ. ಆದರೆ ಆ ವ್ಯಾಖ್ಯೆಗಳನ್ನು ಹೊತ್ತು ಹೊರಬಂದ ಹುಡುಗ ಮೊದಲ ಸಾಲದ ಕಾಗದಕ್ಕೆ ಸಹಿ ಹಾಕುವಾಗ ಅವು ಅವನ ನೆರವಿಗೆ ಬರುತ್ತವೆಯೆ ಎಂಬುದು ನನ್ನ ಪ್ರಶ್ನೆ.

ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದೆ. ಒಮ್ಮೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು, ಬಡ್ಡಿಯ ಲೆಕ್ಕದಲ್ಲಿ ಎಂದೂ ತಪ್ಪದವಳು, ತಾಯಿಯ ಸಾಲದ ಕಾರ್ಡೊಂದನ್ನು ತಂದು ತೋರಿಸಿದಳು. ಸಾಲ 12,000 ರೂಪಾಯಿ. ತಿಂಗಳಿಗೆ 1,120 ರಂತೆ ಹನ್ನೆರಡು ಕಂತು. “ಸಾರ್, ನೂರಕ್ಕೆ ಹನ್ನೆರಡು ಬಡ್ಡಿ ಅಂತಾರೆ. ನಾನು ಲೆಕ್ಕ ಹಾಕಿ ನೋಡಿದೆ, ಸರಿಯಾಗಿದೆ” ಎಂದಳು. ಅವಳು ಹಾಕಿದ ಲೆಕ್ಕ ಪಠ್ಯಪುಸ್ತಕದ್ದು. ಹನ್ನೆರಡು ಸಾವಿರಕ್ಕೆ ಶೇಕಡಾ ಹನ್ನೆರಡರಂತೆ ವರ್ಷಕ್ಕೆ 1,440. ಎರಡನ್ನೂ ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ 1,120. ಕಾರ್ಡಿಗೂ ಪುಸ್ತಕಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಬಾನುಲಿಯಲ್ಲಿ ಲೆಕ್ಕ ಹೇಳುವುದು ಕೇಳುವವರಿಗೆ ಕಷ್ಟ. ಆದರೂ ಈ ಒಂದನ್ನು ದಯವಿಟ್ಟು ತಾಳ್ಮೆಯಿಂದ ಕೇಳಬೇಕು. ಪುಸ್ತಕದ ಲೆಕ್ಕದಲ್ಲಿ ರಾಮಯ್ಯ ತಂದ ಸಾಲ ವರ್ಷದ ಕೊನೆಯ ದಿನದವರೆಗೂ ಪೂರ್ತಿಯಾಗಿ ರಾಮಯ್ಯನ ಕೈಯಲ್ಲೇ ಇರುತ್ತದೆ. ಈ ತಾಯಿಯಾದರೋ ತಿಂಗಳು ತಿಂಗಳೂ ಸಾವಿರದಷ್ಟು ಅಸಲನ್ನು ಹಿಂದಿರುಗಿಸುತ್ತಿದ್ದಾಳೆ. ಮೊದಲ ತಿಂಗಳು ಅವಳ ಬಳಿ ಇದ್ದದ್ದು ಹನ್ನೆರಡು ಸಾವಿರ. ಎರಡನೆಯ ತಿಂಗಳು ಹನ್ನೊಂದು ಸಾವಿರ. ಕೊನೆಯ ತಿಂಗಳು ಬರಿಯ ಒಂದು ಸಾವಿರ. ಸರಾಸರಿ ತೆಗೆದರೆ ವರ್ಷದುದ್ದಕ್ಕೂ ಅವಳು ಬಳಸಿದ್ದು 6,500 ರೂಪಾಯಿ ಮಾತ್ರ. ಬಡ್ಡಿ ಕೊಟ್ಟದ್ದು ಹನ್ನೆರಡು ಸಾವಿರದ ಮೇಲೆ. 6,500ಕ್ಕೆ 1,440 ಎಂದರೆ ನೂರಕ್ಕೆ ಸುಮಾರು ಇಪ್ಪತ್ತೆರಡು. ಇದನ್ನೇ ಸಾಲ ಕೊಡುವವರು ‘ಫ್ಲಾಟ್ ರೇಟ್’ ಎನ್ನುತ್ತಾರೆ. ಹೆಸರು ಸೌಮ್ಯವಾಗಿದೆ.

ಇಲ್ಲಿ ಸುಳ್ಳು ಹೇಳಿದವರು ಯಾರು? ಯಾರೂ ಇಲ್ಲ. ಕಾರ್ಡು ನಿಜ, ಸೂತ್ರ ನಿಜ, ಹುಡುಗಿಯ ಗುಣಾಕಾರ ನಿಜ. ಶಾಲೆ ಕಲಿಸಿದ ಲೆಕ್ಕವೇ ಹೋಗಿ ಸಾಲಿಗನ ಪರವಾಗಿ ಸಾಕ್ಷಿ ನುಡಿಯಿತು, ಅಷ್ಟೆ! ಕಂತಿನ ಸಾಲ ಮನೆಮನೆಯಲ್ಲೂ ಇರುವ ಈ ಕಾಲದಲ್ಲಿ, ಅಸಲು ಕರಗುತ್ತ ಹೋಗುವ ಸಾಲದ ಲೆಕ್ಕ ಹತ್ತನೆಯ ತರಗತಿ ಮುಗಿಸಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಅಂಗೈಯ ಗೆರೆಯಷ್ಟು ಪರಿಚಿತವಾಗಿರಬೇಡವೆ?

ಸಂತೆಯ ಲೆಕ್ಕ ಇನ್ನೂ ಕಠಿಣ. ತರಕಾರಿ ಮಾರುವವರ ಕೈಗೆ 8,500 ರೂಪಾಯಿ ಕೊಟ್ಟು, ದಿನಕ್ಕೆ ನೂರರಂತೆ ನೂರು ದಿನ ವಸೂಲು ಮಾಡುವ ಪದ್ಧತಿಯನ್ನು ನೀವೂ ಬಲ್ಲಿರಿ. ‘ಹತ್ತು ಸಾವಿರಕ್ಕೆ ಒಂದೂವರೆ ಸಾವಿರ ಬಡ್ಡಿ’ ಎಂದು ಕೊಟ್ಟವನೂ ಹೇಳುತ್ತಾನೆ, ಪಡೆದವನೂ ಹೇಳುತ್ತಾನೆ. ಅಸಲು ದಿನದಿನವೂ ಕರಗುವುದನ್ನು ಲೆಕ್ಕಕ್ಕೆ ಹಿಡಿದರೆ ಅದು ವರ್ಷಕ್ಕೆ ಶೇಕಡಾ ನೂರಿಪ್ಪತ್ತರ ಆಸುಪಾಸಿಗೆ ಬರುತ್ತದೆ.

ಆ ಹುಡುಗಿಯ ತಾಯಿ ಕೆಲವು ದಿನಗಳ ಮೇಲೆ ಶಾಲೆಗೆ ಬಂದರು. ಅವರಿಗೆ ಬೆರಗೇನೂ ಆಗಿರಲಿಲ್ಲ. “ಬ್ಯಾಂಕಿಗೆ ಮೂರು ಸಲ ಓಡಾಡಿದರೆ ಮೂರು ದಿನದ ಕೂಲಿ ಹೋಗುತ್ತೆ ಸ್ವಾಮಿ. ಇವರು ಬಾಗಿಲಿಗೇ ಬರ್ತಾರೆ” ಎಂದರು. ಅದೂ ಅರ್ಥಶಾಸ್ತ್ರವೇ, ನಮ್ಮ ಪುಸ್ತಕಕ್ಕಿಂತ ಗಟ್ಟಿಯಾದ ಅರ್ಥಶಾಸ್ತ್ರ. ಮರುವರ್ಷವೂ ಅವರು ಅಲ್ಲಿಯೇ ಸಾಲ ಪಡೆದರು, ಆದರೆ ಆರು ಸಾವಿರ ಮಾತ್ರ. ಬಡವರು ಸಾಲಕ್ಕೆ ಸಿಲುಕುವುದು ಅಜ್ಞಾನದಿಂದಲೇ ಎಂದು ತಿಳಿಯುವ ಪಂಡಿತರು ಇಂಥವರೊಡನೆ ಒಂದು ಗಳಿಗೆ ಕುಳಿತು ಮಾತನಾಡಬೇಕು. ಕೂಲಿ ಸಾಲದೆ ಸಾಲವಾಗುತ್ತದೆ. ಪಾಠದಿಂದ ಕೂಲಿ ಹೆಚ್ಚುವುದಿಲ್ಲ. ಪಾಠದಿಂದ ಆಗಬಹುದಾದದ್ದು ಹನ್ನೆರಡು ಸಾವಿರ ಆರು ಸಾವಿರವಾಗುವುದು. ಅದು ಸಣ್ಣದಲ್ಲವೆಂದು ನನ್ನ ಭಾವನೆ.

ಕಾನೂನು ತನ್ನ ಕೆಲಸ ಮಾಡುತ್ತಿಲ್ಲವೆಂದಲ್ಲ. ಕಿರುಸಾಲದ ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟ, ಪ್ರಾಣ ಬಿಟ್ಟ ಸುದ್ದಿಗಳು ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆಯೊಂದು ಹೊರಟಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆವಾಸವನ್ನು ಅದು ವಿಧಿಸಿತು. ಅದಕ್ಕೂ ಮೊದಲು, 2024ರ ಅಕ್ಟೋಬರಿನಿಂದ, ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳು ಚಿಲ್ಲರೆ ಸಾಲದ ಮುಖ್ಯಾಂಶಗಳನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಪ್ರತ್ಯೇಕ ಹಾಳೆಯಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ಶುಲ್ಕಗಳನ್ನೂ ಸೇರಿಸಿಕೊಂಡು ಸಾಲದ ನಿಜವಾದ ವಾರ್ಷಿಕ ದರ ಎಷ್ಟೆಂಬುದು ಆ ಹಾಳೆಯಲ್ಲಿ ಇರಲೇಬೇಕು. ಒಳ್ಳೆಯ ನಿಯಮ. ಹಾಳೆ ಮನೆಗೆ ಬರುತ್ತದೆ. ಓದಬೇಕಾದವರಿಗೆ ಓದಲು ಕಲಿಸುವವರು ಯಾರು?

ಕನ್ನಡ ನಾಡಿಗೆ ಈ ವಿದ್ಯೆ ಹೊಸದೇನೂ ಅಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಕೂಡಿಸಿತು. ಆ ಬ್ಯಾಂಕಿನ ಹೆಸರು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಕರಗಿತು. ಪಿಗ್ಮಿ ಎಂಬ ಮಾತು ನಮ್ಮ ನಾಲಗೆಯಲ್ಲಿ ಉಳಿದಿದೆ. ಇಂದು ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ವಾರವಾರವೂ ಸೇರಿ ನಡಾವಳಿ ಬರೆದು, ಉಳಿತಾಯ ಎಣಿಸಿ, ಯಾರಿಗೆ ಎಷ್ಟು ಸಾಲವೆಂದು ತಾವೇ ತೀರ್ಮಾನಿಸುತ್ತಾರೆ. ಎಷ್ಟೋ ಮನೆಗಳಲ್ಲಿ ನಾಲ್ಕನೆಯ ತರಗತಿ ಓದಿದ ತಾಯಿಗೆ ತಿಳಿದದ್ದು ಹತ್ತನೆಯ ತರಗತಿಯ ಮಗನಿಗೆ ತಿಳಿದಿಲ್ಲ.

ಇನ್ನೊಂದು ಅಪಾಯವನ್ನೂ ಹೇಳಬೇಕು. ಹಣದ ಶಿಕ್ಷಣವೆಂದರೆ ಮಕ್ಕಳಿಗೆ ಷೇರುಪೇಟೆಯ ಆಟ ಕಲಿಸುವುದೆಂದು ತಿಳಿದ ಉತ್ಸಾಹಿಗಳಿದ್ದಾರೆ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕಿಳಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದ್ದಾರೆ. ಆ ಅಂಕಿಯನ್ನು ತರಗತಿಯಲ್ಲಿ ಓದಿ ಹೇಳಿದರೆ ಆ ಅಧ್ಯಾಯ ಬಹುಮಟ್ಟಿಗೆ ಮುಗಿಯಿತು. ಅದಕ್ಕಿಂತ, ಪೇಟೆಬೀದಿಯಲ್ಲಿ ತೂಗುವ ಎರಡು ಬೋರ್ಡುಗಳ ವ್ಯತ್ಯಾಸ ತಿಳಿಸುವುದು ಮೇಲು. ಒಂದು ಸಹಕಾರಿ ಬ್ಯಾಂಕಿನದು, ಇನ್ನೊಂದು ಪತ್ತಿನ ಸಹಕಾರ ಸಂಘದ್ದು. ಬ್ಯಾಂಕಿನಲ್ಲಿಟ್ಟ ಹಣಕ್ಕೆ 2020ರಿಂದ ಐದು ಲಕ್ಷದವರೆಗೆ ಠೇವಣಿ ವಿಮೆಯುಂಟು. ಸಂಘದಲ್ಲಿಟ್ಟದ್ದಕ್ಕೆ ಆ ವಿಮೆಯಿಲ್ಲ. ನಿವೃತ್ತಿಯ ಹಣವನ್ನು ಅರ್ಧ ಶೇಕಡಾ ಹೆಚ್ಚಿನ ಬಡ್ಡಿಗಾಗಿ ಎಲ್ಲಿಡುತ್ತಿದ್ದೇವೆಂದು ತಿಳಿಯದ ಪದವೀಧರರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಇದಕ್ಕಾಗಿ ಹೊಸ ವಿಷಯ, ಹೊಸ ಪುಸ್ತಕ, ಹೊಸ ಪರೀಕ್ಷೆ ಬೇಡ. ಮಕ್ಕಳ ಚೀಲ ಈಗಲೇ ಭಾರವಾಗಿದೆ, ಅಧ್ಯಾಪಕರ ಹೆಗಲೂ ಅಷ್ಟೆ. ಒಂಬತ್ತನೆಯ ತರಗತಿಯಲ್ಲಿ ವಾರಕ್ಕೊಂದು ಅವಧಿಯಂತೆ ಎಂಟು ಹತ್ತು ವಾರ, ಗಣಿತದವರೂ ಸಮಾಜವಿಜ್ಞಾನದವರೂ ಒಟ್ಟಿಗೆ ನಿಂತು ಒಂದೊಂದು ಕಾಗದವನ್ನು ಓದಿಸಿದರೆ ಸಾಕು: ಸಾಲದ ಮುಖ್ಯಾಂಶದ ಹಾಳೆ, ಚಿನ್ನದ ಸಾಲದ ರಸೀತಿ, ವಿಮೆಯ ಪಾಲಿಸಿ, ವಿದ್ಯುತ್ ಬಿಲ್ಲು. ಆದರೆ ಮನೆಯಿಂದ ಕಾಗದ ತನ್ನಿರೆಂದು ಮಕ್ಕಳಿಗೆ ಎಂದೂ ಹೇಳಕೂಡದು. ಯಾರ ಮನೆಯಲ್ಲಿ ಎಷ್ಟು ಸಾಲವಿದೆಯೆಂಬುದು ನಲವತ್ತು ಮಕ್ಕಳ ನಡುವೆ ತಿಳಿಯಬೇಕಾದ ಸಂಗತಿಯಲ್ಲ. ಆ ಹುಡುಗಿ ನನ್ನ ಬಳಿ ಕಾರ್ಡು ತಂದದ್ದು ಕೂಡ ಶಾಲೆ ಬಿಟ್ಟ ಮೇಲೆ, ಎರಡು ನೋಟ್‌ಬುಕ್ಕುಗಳ ನಡುವೆ ಬಚ್ಚಿಟ್ಟುಕೊಂಡು. ತರಗತಿಗೆ ಬೇಕಾದುದು ಹೆಸರಿಲ್ಲದ ಖಾಲಿ ನಮೂನೆಗಳು. ಮುಖ್ಯೋಪಾಧ್ಯಾಯರು ಸ್ವತಃ ಹೋಗಿ ಕೇಳಿದರೆ ಊರಿನ ಬ್ಯಾಂಕಿನ ವ್ಯವಸ್ಥಾಪಕರು ನಲವತ್ತು ಪ್ರತಿ ಕೊಡದೆ ಇರಲಾರರು. ಶಾಲೆ ತೆರೆದ ಮೊದಲ ವಾರವೇ ಕೇಳಿಬಿಡುವುದು ಒಳ್ಳೆಯದು.