ಪಾಡ್‌ಕಾಸ್ಟ್ | ಪೆಡಲ್ ಅಲುಗದಿದ್ದರೆ ಹಾಡು ನಿಲ್ಲಲ್ಲ: ಗಿಟಾರ್ ಕಲಾವಿದರಿಗೆ ಕೆಲವು ಕಿವಿಮಾತು

ಗಣೇಶನ ಹಬ್ಬ ಹತ್ತಿರ ಬಂತು ಅಂದ್ರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಬೀದಿಗಳಲ್ಲಿ ಪೆಂಡಾಲ್ ಏಳುತ್ತೆ, ಆರ್ಕೆಸ್ಟ್ರಾದವರಿಗೆ ಕೈತುಂಬ ಕೆಲಸ. ಕೆಂಗೇರಿಯಿಂದ ಸ್ಕೂಟರ್ ಮುಂದೆ ಪೆಡಲ್‌ಬೋರ್ಡ್ ಇಟ್ಕೊಂಡು, ಹಂಪ್, ಗುಂಡಿ ಎಲ್ಲ ದಾಟಿ ಗಿಟಾರಿಸ್ಟ್ ಬರ್ತಾರೆ. ಪಲ್ಲವಿ ಮುಗಿದು ಸೋಲೋ ಶುರುವಾಗಬೇಕು, ಕಾಲಿಟ್ಟ ತಕ್ಷಣ ಪೆಡಲ್ ಜಾರುತ್ತೆ, ಪವರ್ ವೈರ್ ಕಳಚುತ್ತೆ, ಶಬ್ದವೇ ಇಲ್ಲ. ಕೇಳೋರಿಗೆ ಕಾರಣ ಬೇಕಿಲ್ಲ. ಮುಂದಿನ ವರ್ಷ ಆ ಬೀದಿಯವರು ಬೇರೆ ತಂಡಕ್ಕೆ ಫೋನ್ ಮಾಡ್ತಾರೆ, ಅಷ್ಟೆ. ಅದಕ್ಕೇ ಇವತ್ತು ಪೆಡಲ್‌ಗಳನ್ನು ಬೋರ್ಡಿಗೆ ಗಟ್ಟಿಯಾಗಿ ಕೂರಿಸೋದು ಹೇಗೆ ಅಂತ ನೋಡೋಣ.

ಮೊದಲು ಅಳತೆ. ಬಾಸ್ ಕಂಪನಿಯ ಸಣ್ಣ ಪೆಡಲ್ 73 ಮಿ.ಮೀ. ಅಗಲ. ಐದು ಸೇರಿದರೆ 365. ನಡುವೆ ಪ್ಲಗ್‌ಗಳಿಗೆ 30 ಮಿ.ಮೀ. ಬಿಟ್ಟರೆ 485. ಅಂದ್ರೆ 20 ಇಂಚಿನ ಬೋರ್ಡ್ ಬಿಗಿ, 24 ಇಂಚು ಆರಾಮ. ರೆಡಿಮೇಡ್ ಬೋರ್ಡ್ ದುಬಾರಿ ಅನಿಸಿದರೆ ಪ್ಲೈವುಡ್ ಸಾಕು. ಅಲ್ಯೂಮಿನಿಯಂ ಬೇಕಂದ್ರೆ ಕಾಮಾಕ್ಷಿಪಾಳ್ಯ, ಪೀಣ್ಯದ ಕಡೆ ವರ್ಕ್‌ಶಾಪ್‌ಗಳಿಗೇನೂ ಕೊರತೆ ಇಲ್ಲ.

ಹೆಚ್ಚಿನವರು ಬಳಸೋದು ವೆಲ್ಕ್ರೋ. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಲ್ ತನ್ನ ನಾಯಿಯ ಕೂದಲಿಗೆ ಅಂಟಿದ ಮುಳ್ಳುಕಾಯಿ ನೋಡಿ ಇದನ್ನು ಯೋಚಿಸಿದ್ದು. ನಮ್ಮ ಹೊಲದಲ್ಲಿ ಉತ್ತರಾಣಿ ಪಂಚೆಗೆ ಅಂಟುತ್ತಲ್ಲ, ಹಾಗೇ. ಆದರೆ ಸಾಮಾನ್ಯವಾಗಿ ಕೈಕೊಡೋದು ಆ ಕೊಕ್ಕೆಗಳಲ್ಲ, ಹಿಂದಿನ ಅಂಟು. ಪೆಡಲ್ ತಳವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಒಣಗಿಸಿ, ಚೆನ್ನಾಗಿ ಒತ್ತಿ ಅಂಟಿಸಿ. ಒಂದು ದಿನ ಹಾಗೇ ಬಿಡಿ. ಶೋಗೆ ಹೊರಡೋ ಮುಂಚೆ ಅಂಟಿಸೋದು ಬೇಡವೇ ಬೇಡ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲೇ ಬೋರ್ಡ್ ಬಿಟ್ಟರೆ ಅಂಟು ಮೆತ್ತಗಾಗುತ್ತೆ. ರಬ್ಬರ್ ತಳ ಇದ್ದರೆ ಅಂಟು ಸರಿಯಾಗಿ ಹಿಡಿಯಲ್ಲ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ ರಬ್ಬರ್ ಬಿಡಿಸಿ, ಎತ್ತಿಡಿ. ಮಾರೋವಾಗ ಬೇಕಾಗುತ್ತೆ.

ಇನ್ನೂ ಗಟ್ಟಿ ಬೇಕು ಅನ್ನೋರಿಗೆ ಡ್ಯುಯಲ್ ಲಾಕ್ ಇದೆ. ಎರಡೂ ಕಡೆ ಅಣಬೆ ತಲೆಯಂಥ ಪ್ಲಾಸ್ಟಿಕ್ ಕಡ್ಡಿಗಳು, ಒತ್ತಿದರೆ ಟಕ್ ಅಂತ ಕೂರುತ್ತೆ. ಸಣ್ಣ ತುಂಡುಗಳೇ ಸಾಕು. ಜಾಸ್ತಿ ಹಾಕಿದರೆ ಬಿಡಿಸೋದೇ ಕಷ್ಟ.

ದುಡ್ಡು ಉಳಿಸೋ ಉಪಾಯ ಸೈಕಲ್ ಚೈನ್. ಹಳೇ ಚೈನಿನ ಒಂದು ಪಟ್ಟಿಗೆ ಎರಡು ತೂತು ಇರುತ್ತೆ. ಒಂದನ್ನು ಪೆಡಲ್ ತಳದ ಸ್ಕ್ರೂಗೆ, ಇನ್ನೊಂದನ್ನು ಮರದ ಬೋರ್ಡಿಗೆ ಬಿಗಿಯಿರಿ. ಮೊದಲಿದ್ದ ಸ್ಕ್ರೂಗಿಂತ ಪಟ್ಟಿಯ ದಪ್ಪದಷ್ಟು ಮಾತ್ರ ಹೆಚ್ಚು ಉದ್ದವಾದ, ಅದೇ ಮರೆಯ ಸ್ಕ್ರೂ ಹಾಕಿ. ತೀರಾ ಉದ್ದವಾದರೆ ಒಳಗಿನ ಸರ್ಕ್ಯೂಟಿಗೆ ತಾಗಬಹುದು. ವಾ ಪೆಡಲ್ ಮೇಲೆ ಇಡೀ ಪಾದದ ಭಾರ ಬೀಳುತ್ತೆ. ಅದಕ್ಕೆ ಈ ವಿಧಾನವೇ ವಾಸಿ.

ವೈರ್‌ಗಳನ್ನು ಕೇಬಲ್ ಟೈ ಹಾಕಿ ಬೋರ್ಡಿಗೇ ಕಟ್ಟಿ, ಪ್ಲಗ್ ಹತ್ತಿರ ಸ್ವಲ್ಪ ಸಡಿಲ ಇರಲಿ. ಎಳೆತ ಪ್ಲಗ್‌ಗೆ ಬೀಳಬಾರದು.

ಕೊನೆಗೆ ಒಂದು ಪರೀಕ್ಷೆ. ಹಾಸಿಗೆ ಮೇಲೆ ಬೋರ್ಡನ್ನು ತಲೆಕೆಳಗೆ ಹಿಡಿದು ಅಲ್ಲಾಡಿಸಿ. ಏನಾದ್ರೂ ಬಿದ್ದರೆ ಹಾಸಿಗೆ ಮೇಲೆ ಬೀಳಲಿ, ಸ್ಟೇಜ್ ಮೇಲೆ ಬೇಡ.