ಜಾಹೀರಾತು ಕೊಡಲಾಗದವನ ನ್ಯಾಯ



1948ರಲ್ಲಿ ತೆರೆಕಂಡ ಒಂದು ಕಪ್ಪುಬಿಳುಪು ಚಲನಚಿತ್ರದ ಬಗ್ಗೆ ನಾವಿಂದು ಮಾತನಾಡಬಯಸುತ್ತೇವೆ. ಹೆನ್ರಿ ಹ್ಯಾಥವೇ ನಿರ್ದೇಶಿಸಿದ, ಜೇಮ್ಸ್ ಸ್ಟೂವರ್ಟ್ ಪತ್ರಕರ್ತನಾಗಿ ನಟಿಸಿದ 'ಕಾಲ್ ನಾರ್ತ್‌ಸೈಡ್ 777' ಎಂಬ ಅಮೆರಿಕನ್ ಚಿತ್ರವದು. ಅದು ಕಲ್ಪಿತ ಕತೆಯಲ್ಲ. ಹೆಸರುಗಳನ್ನು ಬದಲಿಸಿದ್ದರೂ ಷಿಕಾಗೋ ನಗರದ ಒಂದು ನೈಜ ಪ್ರಕರಣವೇ ಅದರ ಆಧಾರ.

1932ರ ಡಿಸೆಂಬರ್ 9ರಂದು ಷಿಕಾಗೋದ ಅಂಗಡಿಯೊಂದರಲ್ಲಿ ವಿಲಿಯಂ ಲಂಡಿ ಎಂಬ ಪೊಲೀಸನ ಕೊಲೆಯಾಯಿತು. ಅದು ಅಮೆರಿಕದಲ್ಲಿ ಪಾನನಿಷೇಧವಿದ್ದ ಕಾಲ. ಕಳ್ಳಭಟ್ಟಿ ಮತ್ತು ಗುಂಡಿನ ಸದ್ದಿನಿಂದ ನಗರ ಕುಖ್ಯಾತವಾಗಿತ್ತು. ಮರುವರ್ಷ ಅಲ್ಲಿ ಜಾಗತಿಕ ಮೇಳ ನಡೆಯಲಿತ್ತು. ಸತ್ತವನು ಪೊಲೀಸನಾದ್ದರಿಂದ ಅಪರಾಧಿಗಳು ಬೇಗನೆ ಸಿಗಬೇಕಾಗಿತ್ತು. ಸಿಕ್ಕಿದರು ಕೂಡಾ. ಪೋಲಿಷ್ ಮೂಲದ ಬಡ ಕುಟುಂಬಗಳ ಇಬ್ಬರು ಯುವಕರು: ಜೋಸೆಫ್ ಮೈಚೆಕ್ ಮತ್ತು ಥಿಯೋಡರ್ ಮಾರ್ಸಿಂಕೀವಿಚ್. ಅಂಗಡಿಯೊಡತಿಯ ಗುರುತಿಸುವಿಕೆಯೇ ಅವರ ವಿರುದ್ಧದ ಮುಖ್ಯ ಸಾಕ್ಷ್ಯವಾಗಿತ್ತು. 1933ರಲ್ಲಿ ಇಬ್ಬರಿಗೂ ತಲಾ 99 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಜೋಸೆಫನ ತಾಯಿ ಟಿಲ್ಲಿ ಆ ತೀರ್ಪನ್ನು ಒಪ್ಪಲಿಲ್ಲ. ಆಕೆ ಕಚೇರಿ ಕಟ್ಟಡದ ನೆಲ ಒರೆಸಿ, ವರ್ಷಗಟ್ಟಲೆ ಪುಡಿಗಾಸು ಕೂಡಿಸಿ 5,000 ಡಾಲರ್ ಮಾಡಿದಳು. 1944ರ ಅಕ್ಟೋಬರ್ 10ರಂದು 'ಷಿಕಾಗೋ ಟೈಮ್ಸ್' ಪತ್ರಿಕೆಯಲ್ಲಿ ಒಂದು ಚಿಕ್ಕ ಜಾಹೀರಾತು ಪ್ರಕಟವಾಯಿತು. ಲಂಡಿಯನ್ನು ಕೊಂದವರ ಸುಳಿವು ನೀಡಿದವರಿಗೆ 5,000 ಡಾಲರ್ ಬಹುಮಾನ, ಈ ಸಂಖ್ಯೆಗೆ ಫೋನ್ ಮಾಡಿ ಎಂಬುದೇ ಅದರ ಸಾರ. ಪತ್ರಿಕೆಯ ಕಣ್ಣು ಅದರ ಮೇಲೆ ಬಿತ್ತು. ಜೇಮ್ಸ್ ಮೆಗ್ವಾಯರ್ ಮತ್ತು ಜ್ಯಾಕ್ ಮೆಕ್‌ಫಾಲ್ ಎಂಬ ವರದಿಗಾರರು ಹಳೆಯ ಕಡತಗಳನ್ನು ಕೆದಕತೊಡಗಿದರು.

ಚಿತ್ರದ ಪತ್ರಕರ್ತ ಆದರ್ಶವಾದಿಯಲ್ಲ ಎಂಬುದು ಗಮನಾರ್ಹ. ಪೊಲೀಸನನ್ನು ಕೊಂದವನ ಪರ ಬರೆಯಲು ಆತನಿಗೆ ಮನಸ್ಸಿಲ್ಲ. ಸಂಪಾದಕರ ಒತ್ತಾಯಕ್ಕೆ, ಓದುಗರ ಕಣ್ಣೀರಿನ ಆಸೆಗೆ ಬರೆಯುತ್ತಾನೆ. ಕೈದಿಯಿಂದ ವಿಚ್ಛೇದನ ಪಡೆದ ಪತ್ನಿಯನ್ನೂ ಮಗನನ್ನೂ ಪತ್ರಿಕೆಗೆಳೆಯುತ್ತಾನೆ. ಅದನ್ನು ಕಂಡ ಕೈದಿ ರೋಷಗೊಂಡು, ನನ್ನವರನ್ನು ಹೀಗೆ ಬೀದಿಗೆಳೆಯುವುದಾದರೆ ನಿನ್ನ ಸಹಾಯವೇ ಬೇಡ ಎನ್ನುತ್ತಾನೆ. ನ್ಯಾಯ ಕೊಡಿಸುವ ನೆಪದಲ್ಲೂ ನೊಂದವರ ಮಾನವನ್ನು ಮಾರಾಟಕ್ಕಿಡುವ ಹಕ್ಕು ಪತ್ರಿಕೆಗಿಲ್ಲ ಎಂಬ ಎಚ್ಚರಿಕೆ ಇಲ್ಲಿದೆ. ಆ ಬಳಿಕವೇ ಪತ್ರಕರ್ತನಲ್ಲಿ ನಿಜವಾದ ಸಂಶಯ ಹುಟ್ಟುತ್ತದೆ.

ಚಿತ್ರದ ಕೊನೆಯಲ್ಲಿ ಒಂದು ಛಾಯಾಚಿತ್ರವನ್ನು ಹಿಗ್ಗಿಸಿ, ಹಿನ್ನೆಲೆಯಲ್ಲಿರುವ ಪತ್ರಿಕೆಯ ದಿನಾಂಕವನ್ನು ಓದಲಾಗುತ್ತದೆ. ಸಾಲಿನಲ್ಲಿ ನಿಲ್ಲಿಸಿ ಗುರುತಿಸುವ ಮೊದಲೇ ಸಾಕ್ಷಿದಾರಳು ಆರೋಪಿಯನ್ನು ನೋಡಿದ್ದಳೆಂದು ಅದರಿಂದ ಸಾಬೀತಾಗುತ್ತದೆ. ಇದು ಚಿತ್ರದವರ ಕಲ್ಪನೆ. ವಾಸ್ತವದಲ್ಲಿ ಸತ್ಯವು ಪೊಲೀಸರ ಕಡತದೊಳಗೇ ಅಡಗಿತ್ತು. ಮೈಚೆಕ್‌ನನ್ನು ಬಂಧಿಸಿದ್ದು ಡಿಸೆಂಬರ್ 22ರಂದು. ಅಂದು ಆಕೆ ಅವನನ್ನು ಗುರುತಿಸಿರಲಿಲ್ಲ. ಗುರುತಿಸಿದ್ದು ಮರುದಿನ. ಆದರೆ ದಾಖಲೆಯಲ್ಲಿ ಬಂಧನದ ದಿನಾಂಕ 23 ಎಂದೇ ನಮೂದಾಗಿತ್ತು. ಒಂದು ದಿನವನ್ನು ಕಾಗದದಿಂದ ಅಳಿಸಿದರೆ ಒಬ್ಬ ಮನುಷ್ಯನ ಆಯುಷ್ಯವನ್ನೇ ಅಳಿಸಬಹುದು! ಯಂತ್ರದ ಚಮತ್ಕಾರಕ್ಕಿಂತ ಕಡತವನ್ನು ತಾಳ್ಮೆಯಿಂದ ಓದುವ ಕಣ್ಣು ದೊಡ್ಡದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

1945ರ ಆಗಸ್ಟ್‌ನಲ್ಲಿ ಇಲಿನಾಯ್ ರಾಜ್ಯದ ಗವರ್ನರ್ ಡ್ವೈಟ್ ಗ್ರೀನ್ ಮೈಚೆಕ್‌ಗೆ ಕ್ಷಮಾದಾನ ನೀಡಿದರು. ಮಾಡದ ತಪ್ಪಿಗೆ ಕ್ಷಮೆ! ಬಳಿಕ ರಾಜ್ಯವು ಆತನಿಗೆ 24,000 ಡಾಲರ್ ಪರಿಹಾರ ನೀಡಿತು. ಚಿತ್ರವು ಈ ಬಿಡುಗಡೆಯೊಂದಿಗೆ ಮುಗಿಯುತ್ತದೆ. ಒಂದು ಪ್ರಭುತ್ವವು ತನ್ನ ತಪ್ಪನ್ನು ಒಪ್ಪಿಕೊಳ್ಳುವುದು ಎಷ್ಟು ದೊಡ್ಡ ಸಂಗತಿ ಎಂದು ನಾಯಕನ ಬಾಯಲ್ಲಿ ಹೊಗಳಿಕೆ ಬರುತ್ತದೆ. ಪ್ರೇಕ್ಷಕರು ಹಗುರವಾದ ಮನಸ್ಸಿನಿಂದ ಮನೆಗೆ ಮರಳುತ್ತಾರೆ.

ಆದರೆ ಬಂಧುಗಳೇ, ಇನ್ನೊಬ್ಬನ ಕತೆಯೇನು?

ಅದೇ ಪ್ರಕರಣ, ಅದೇ ಸಾಕ್ಷಿ, ಅದೇ ಶಿಕ್ಷೆ. ಚಿತ್ರದಲ್ಲೂ ಆ ಎರಡನೆಯವನಿದ್ದಾನೆ. ಇನ್ನೊಬ್ಬನ ಹೆಸರು ಹೇಳಿ ಹೊರಬರುವ ಆಸೆಯನ್ನು ಮುಂದಿಟ್ಟಾಗ, ನಾನು ಅಲ್ಲಿರಲೇ ಇಲ್ಲ, ಯಾರ ಹೆಸರು ಹೇಳಲಿ ಎಂಬುದು ಆತನ ಉತ್ತರ. ಆ ಪ್ರಾಮಾಣಿಕತೆಗೆ ಆತನಿಗೆ ಸಿಕ್ಕ ಪ್ರತಿಫಲ ಜೈಲು. 1948ರಲ್ಲಿ ಜನರು ಚಿತ್ರಮಂದಿರಗಳಲ್ಲಿ ನ್ಯಾಯದ ಗೆಲುವನ್ನು ನೋಡುತ್ತಿದ್ದಾಗ ನಿಜವಾದ ಮಾರ್ಸಿಂಕೀವಿಚ್ ಇನ್ನೂ ಸೆರೆಯಲ್ಲಿದ್ದ. ಹೇಬಿಯಸ್ ಕಾರ್ಪಸ್ ಮೂಲಕ ಆತ ಹೊರಬಂದದ್ದು 1950ರಲ್ಲಿ. 35,000 ಡಾಲರ್ ಪರಿಹಾರ ಮಂಜೂರಾದದ್ದು 1965ರಲ್ಲಿ.

ಇಬ್ಬರ ನಡುವಿನ ಈ ಅಂತರಕ್ಕೆ ಕಾರಣವೇನು? ಒಬ್ಬನ ಪಾಲಿಗೆ ತಾಯಿಯ ಜಾಹೀರಾತು ಇತ್ತು, ಅದನ್ನು ಕಂಡ ಪತ್ರಿಕೆಯಿತ್ತು. ಇನ್ನೊಬ್ಬನ ಪಾಲಿಗೆ ಸತ್ಯ ಮಾತ್ರವಿತ್ತು. ಸತ್ಯ ಒಂದೇ ಸಾಕಾಗದ ವ್ಯವಸ್ಥೆಯನ್ನು ನಾವು ನ್ಯಾಯವ್ಯವಸ್ಥೆ ಎಂದು ಹೇಗೆ ಕರೆಯೋಣ? ಕಡತದಲ್ಲಿದ್ದ ಸುಳ್ಳು ದಿನಾಂಕ 1944ರಲ್ಲಿ ಹುಟ್ಟಿದ್ದಲ್ಲ. ವಿಚಾರಣೆಯ ದಿನವೂ ಅದು ಅಲ್ಲೇ ಇತ್ತು. ಪೊಲೀಸರು, ವಕೀಲರು, ನ್ಯಾಯಾಲಯ ಯಾರೂ ಅದನ್ನು ಎತ್ತಿ ತೋರಲಿಲ್ಲ. ಅಷ್ಟೇ ಅಲ್ಲ, ಲಂಡಿಯ ಕುಟುಂಬಕ್ಕೂ ನ್ಯಾಯ ದೊರೆಯಲಿಲ್ಲ. ನಿರಪರಾಧಿ ಜೈಲಿನಲ್ಲಿರುವಷ್ಟು ಕಾಲ ನಿಜವಾದ ಕೊಲೆಗಾರನನ್ನು ಯಾರೂ ಹುಡುಕುವುದಿಲ್ಲ.

ಆದ್ದರಿಂದ ಈ ಚಿತ್ರವನ್ನು ನೋಡಿ ಪತ್ರಕರ್ತನನ್ನು ಮೆಚ್ಚಿಕೊಳ್ಳುವುದಷ್ಟೇ ಸಾಲದು. ಬಂಧನದ ಸುದ್ದಿಯನ್ನು ಓದಿದ ಕೂಡಲೇ ಅಪರಾಧಿ ಸಿಕ್ಕಿದನೆಂದು ನಂಬುವ ನಮ್ಮೆಲ್ಲರ ಅಭ್ಯಾಸವನ್ನು ಪ್ರಶ್ನಿಸಿಕೊಳ್ಳಬೇಕಾಗಿದೆ. ಯಾರು ಬಂಧಿಸಿದರು, ಯಾವಾಗ ಬಂಧಿಸಿದರು, ಯಾರು ಗುರುತಿಸಿದರು, ಎಷ್ಟನೆಯ ಬಾರಿಗೆ ಗುರುತಿಸಿದರು ಎಂದು ಮೊದಲ ದಿನವೇ ಕೇಳುವವರು ಬೇಕು. ಷಿಕಾಗೋದಲ್ಲಿ ಆ ಪ್ರಶ್ನೆ ಹನ್ನೆರಡು ವರ್ಷ ತಡವಾಗಿ ಬಂತು. ಒಬ್ಬ ತಾಯಿ ನೆಲ ಒರೆಸಿ ಅದರ ಬೆಲೆ ತೆತ್ತಳು. ಇನ್ನೊಂದು ಮನೆಯ ಮಗ ಅದಕ್ಕಾಗಿ ಮತ್ತೂ ಐದು ವರ್ಷ ಕಾಯಬೇಕಾಯಿತು. ಆ ಪ್ರಶ್ನೆಯನ್ನು ಕೇಳಲು ಯಾರೂ ಹಣ ತೆರಬೇಕಾಗಿರಲಿಲ್ಲ.