ಬೇಕಾದಷ್ಟೇ ಅಕ್ಕಿ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ತವರಿಗೆ ಬಂದಿದ್ದ ಶರಣೆಯೊಬ್ಬರು ಮಾಡಿದ ಭಾಷಣದ ಬರಹ ರೂಪ)

 

ಕುಳಿತುಕೊಂಡೇ ಮಾತಾಡುತ್ತೇನೆ, ಯಾರೂ ತಪ್ಪು ತಿಳಿಯಬಾರದು. ನಿಲ್ಲುವುದಕ್ಕೆ ಖರ್ಚಾಗುವ ಶಕ್ತಿಯನ್ನು ಮಾತಿಗೆ ಉಳಿಸಿಕೊಳ್ಳಬೇಕಾಗಿದೆ.

ಸಾಧನೆ ಮಾಡಿದವರು ಬಂದು ಮಾತಾಡುವ ಜಾಗ ಇದು. ನಾನು ಮಾತಾಡಲಿರುವುದು ಕಸ ಗುಡಿಸುವ ವಿಷಯ. ನನ್ನ ಮನೆಯ ಕಸವನ್ನು ನಾನು ಗುಡಿಸಲಾರೆ. ಏಳು ವರ್ಷಗಳಿಂದ ಬೇರೊಬ್ಬ ಹೆಣ್ಣುಮಗಳು ಗುಡಿಸುತ್ತಾಳೆ, ಅವಳ ಕೂಲಿಯನ್ನು ಆಸ್ಟ್ರೇಲಿಯಾ ಸರಕಾರದ ನಿಧಿ ಕೊಡುತ್ತದೆ. ಇದನ್ನು ಮೊದಲು ಕೇಳಿದಾಗ ನಮ್ಮವ್ವ ಫೋನಿನಲ್ಲಿ ಅಂದದ್ದು ಇಷ್ಟು: "ಏನವಾ, ಮನಿ ಕಸಾ ಹೊಡಸಾಕೂ ಸರಕಾರದ ರೊಕ್ಕ ಬೇಕಾತೇನು?" ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರ ಇರಲಿಲ್ಲ. ಇವತ್ತು ಹೇಳಲು ಪ್ರಯತ್ನಿಸುತ್ತೇನೆ. ಅವ್ವ ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ.

2015ರಲ್ಲಿ ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ರೋಗ ಇದೆಯೆಂದು ತಿಳಿಯಿತು. ವೈರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದಲ್ಲ, ಹಾಗೆಯೇ ನರಗಳ ಮೇಲೂ ಒಂದು ಹೊದಿಕೆ ಇದೆ. ಮೈಯನ್ನು ಕಾಯಬೇಕಾದ ಶಕ್ತಿಯೇ ಮಿದುಳು ಮತ್ತು ಬೆನ್ನುಹುರಿಯಲ್ಲಿನ ಈ ಹೊದಿಕೆಯನ್ನು ತಿನ್ನತೊಡಗುತ್ತದೆ. ಕಾಲು ಮಾತು ಕೇಳುವುದಿಲ್ಲ, ಕಣ್ಣು ಮಂಜಾಗುತ್ತದೆ, ಮೈಗೆ ಬಿಸಿ ತಾಗಿದರೆ ಎಲ್ಲವೂ ಹೆಚ್ಚಾಗುತ್ತದೆ. ಎಲ್ಲಕ್ಕಿಂತ ದೊಡ್ಡದು ದಣಿವು. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ ಅದು. ಬೆಳಗ್ಗೆ ಎದ್ದಾಗ ನನ್ನ ಪಾಲಿಗೆ ಒಂದು ಕೊಡ ನೀರು ಸಿಗುತ್ತದೆ ಎಂದುಕೊಳ್ಳಿ. ಸ್ನಾನ, ಅಡುಗೆ, ಮಕ್ಕಳು, ನೌಕರಿ, ಲಿಂಗಪೂಜೆ ಎಲ್ಲವೂ ಆ ಒಂದೇ ಕೊಡದಲ್ಲಿ ಆಗಬೇಕು. ಬಚ್ಚಲು ತಿಕ್ಕಿದರೆ ಕೊಡ ಅಲ್ಲಿಯೇ ಖಾಲಿ. ಒಂದು ಗಂಟೆ ಬಚ್ಚಲು ತೊಳೆದದ್ದಕ್ಕೆ ಎರಡು ದಿನ ಹಾಸಿಗೆ ಹಿಡಿದ ಲೆಕ್ಕ ನನ್ನ ಹತ್ತಿರ ಇದೆ.

2017ರಲ್ಲಿ ಅವ್ವ ನಮ್ಮಲ್ಲಿಗೆ ಬಂದಳು. ಆಗ ಅವಳಿಗೆ ಅರವತ್ತೆಂಟು. ಬಂದ ಮರುದಿನವೇ ಸೆರಗು ಸಿಕ್ಕಿಸಿ ಕಸಬರಿಗೆ ಹಿಡಿದಳು. ನಾನು ಬೇಡವೆಂದರೆ, "ಮಗಳ ಮನಿ ಕಸಾ ಹೊಡದ್ರ ನನಗೇನ್ ಕಡಿಮಿ ಆಕ್ಕೈತಿ?" ಎನ್ನುತ್ತಿದ್ದಳು. ಊರಿಂದ ಫೋನ್ ಬಂದರೆ ಮಗಳು ಎಲ್ಲ ಕೆಲಸ ಮಾಡುತ್ತಾಳೆ ಎಂದು ಹೇಳುತ್ತಿದ್ದಳು. ಐದನೇ ವಾರ ಬಚ್ಚಲು ತೊಳೆಯುವಾಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಅವಳ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ರಾತ್ರಿ ನನಗೊಂದು ಮಾತು ತಿಳಿಯಿತು. ನಮ್ಮ ಮನೆಯಲ್ಲಿ ಕಸ ತಾನಾಗಿಯೇ ಹೋಗುತ್ತಿರಲಿಲ್ಲ, ಯಾರದೋ ಮೈ ಅದನ್ನು ಹೊರುತ್ತಿತ್ತು. ನನ್ನ ಮೈ ಸೋತಾಗ ಅವ್ವನ ಮೈ ಹೊತ್ತಿತು. ಆ ಮೈಗೆ ಕೂಲಿ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ನಾವು ಖರ್ಚು ಎಂದು ಎಣಿಸಿರಲಿಲ್ಲ.

ಇನ್ನು ಆ ನಿಧಿಯ ವಿಷಯ. ಆಸ್ಟ್ರೇಲಿಯಾದಲ್ಲಿ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆ ಎಂದು ಒಂದಿದೆ, ಜನ ಅದನ್ನು ಎನ್‌ಡಿಐಎಸ್ ಎನ್ನುತ್ತಾರೆ. 2013ರಲ್ಲಿ ಕಾಯ್ದೆ ಆಯಿತು. ಅದೇ ಜುಲೈನಲ್ಲಿ ಗೀಲಾಂಗ್ ಮೊದಲಾದ ಕೆಲವು ಕಡೆ ಪ್ರಯೋಗವಾಗಿ ಶುರುವಾಗಿ, 2016ರಿಂದ ದೇಶದ ತುಂಬ ಹರಡಿತು. ಮೆಲ್ಬರ್ನ್ ಪಶ್ಚಿಮದ ನಮ್ಮ ಬಡಾವಣೆಗೆ ಬಂದದ್ದು 2018ರ ಕೊನೆಗೆ. ಈಗ ಆರು ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿದ್ದಾರೆ. ಬಡವರು, ಶ್ರೀಮಂತರು ಎಂದು ನೋಡುವುದಿಲ್ಲ, ಅಂಗವೈಕಲ್ಯದಿಂದ ಏನು ಅಡ್ಡಿಯಾಗಿದೆ ಎಂದಷ್ಟೇ ನೋಡುತ್ತಾರೆ. ಆದರೆ ಸೇರುವಾಗ ವಯಸ್ಸು ಅರವತ್ತೈದರ ಒಳಗಿರಬೇಕು. ಅಲ್ಲಿನ ಪೌರತ್ವವೋ ಕಾಯಂ ವಾಸದ ಪರವಾನಗಿಯೋ ಇರಬೇಕು. ಓದಲು ಹೋದ ಮಕ್ಕಳಿಗೆ, ತಾತ್ಕಾಲಿಕ ವೀಸಾದ ಮೇಲೆ ದುಡಿಯುವವರಿಗೆ, ನೋಡಲು ಹೋಗುವ ತಂದೆತಾಯಿಗೆ ಸಿಗುವುದಿಲ್ಲ. ಇಲ್ಲಿ ಕುಳಿತವರಲ್ಲಿ ಅನೇಕರ ಮಕ್ಕಳು ಅಲ್ಲಿದ್ದಾರೆ, ಅದಕ್ಕೇ ಹೇಳಿದೆ.

ಹಣ ಎಲ್ಲಿಂದ ಬರುತ್ತದೆ? ಎಲ್ಲರ ತೆರಿಗೆಯಿಂದ. ಇದಕ್ಕಾಗಿಯೇ 2014ರ ಜುಲೈನಿಂದ ಆರೋಗ್ಯ ತೆರಿಗೆಯನ್ನು ಶೇ 1.5ರಿಂದ ಶೇ 2ಕ್ಕೆ ಏರಿಸಿದರು. ಅಂದರೆ ನೂರು ಡಾಲರ್ ಆದಾಯಕ್ಕೆ ಅರ್ಧ ಡಾಲರ್ ಹೆಚ್ಚು. ಪೂರ್ತಿ ಖರ್ಚು ಅದರಿಂದ ಸಾಗದಿದ್ದರೂ, ಬಸ್ಸು ಓಡಿಸುವವನು, ಅಂಗಡಿಯಲ್ಲಿ ನಿಲ್ಲುವವಳು ತಮ್ಮ ದುಡಿಮೆಯಲ್ಲಿ ಒಂದು ಪಾಲನ್ನು ತಾವು ಎಂದೂ ನೋಡದ ನನ್ನಂಥವರಿಗೆ ಎತ್ತಿಡುತ್ತಾರೆ. ಅವರಿಗೆ ದಾಸೋಹ ಎಂಬ ಶಬ್ದ ಗೊತ್ತಿಲ್ಲ. ನಮಗೆ ಗೊತ್ತಿದೆಯಲ್ಲ, ಗುರುತು ಹಿಡಿಯಬೇಕಾದವರು ನಾವು.

ಆದರೂ ನಾನು ಅರ್ಜಿ ಹಾಕಲು ಒಂದು ವರ್ಷ ಹಿಂದೆಮುಂದೆ ನೋಡಿದೆ. ಕೊನೆಗೆ ಹಾಕಿದ ಮೇಲೆ, ಮನೆಯ ಕೆಲಸದಲ್ಲಿ ನನಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ನೋಡಿ ವರದಿ ಬರೆಯಲು ಒಬ್ಬ ಚಿಕಿತ್ಸಕಿ ಬರುವವಳಿದ್ದಳು. ಹಿಂದಿನ ರಾತ್ರಿ ನಾನು ಏನು ಮಾಡಿದೆ ಗೊತ್ತೇ? ಯಜಮಾನರ ಜೊತೆ ಸೇರಿ ಇಡೀ ಮನೆ ಒರೆಸಿದೆ! ಬಂದವರು ನಮ್ಮ ಮನೆ ಹೊಲಸು ಎನ್ನಬಾರದಲ್ಲ. ಚಿಕಿತ್ಸಕಿ ಬಂದಾಗ ಮನೆ ಫಳಫಳ ಹೊಳೆಯುತ್ತಿತ್ತು, ನಾನು ಗೋಡೆ ಹಿಡಿದು ನಿಂತಿದ್ದೆ. ಅವಳು ನೆಲ ನೋಡಲಿಲ್ಲ, ನನ್ನನ್ನು ನೋಡಿದಳು. "ಇದನ್ನು ಮಾಡಿದ್ದಕ್ಕೆ ಇನ್ನು ಎಷ್ಟು ದಿನ ಮಲಗುತ್ತೀರಿ?" ಎಂದು ಕೇಳಿದಳು. ನಾನು ಅತ್ತುಬಿಟ್ಟೆ. ನಮ್ಮ ಕಷ್ಟವನ್ನು ನಾವೇ ಗುಡಿಸಿ ಮುಚ್ಚಿಡುತ್ತೇವೆ, ಆಮೇಲೆ ಯಾರೂ ನೋಡಲಿಲ್ಲ ಎನ್ನುತ್ತೇವೆ.

ಅಲ್ಲಿನ ಕಾಯ್ದೆಯಲ್ಲಿ ಒಂದು ಅಳತೆಗೋಲಿದೆ. ಕೊಡುವ ನೆರವು ನ್ಯಾಯವಾದದ್ದೂ ಅವಶ್ಯವಾದದ್ದೂ ಆಗಿರಬೇಕು. ಮನೆಯವರು ಸಹಜವಾಗಿ ಎಷ್ಟು ಮಾಡಬಹುದು ಎಂಬುದನ್ನೂ ಕೇಳುತ್ತಾರೆ. ನಮ್ಮ ಯಜಮಾನರು ಪಾಳಿ ಮೇಲೆ ಕೆಲಸ ಮಾಡುತ್ತಾರೆ. ಅಡುಗೆ, ಬಟ್ಟೆ ಒಗೆಯುವುದು, ಕೆಟ್ಟ ದಿನಗಳಲ್ಲಿ ನನಗೆ ಸೀರೆ ಉಡಿಸುವುದು ಕೂಡ ಅವರದೇ. ಅದನ್ನೆಲ್ಲ ಲೆಕ್ಕಕ್ಕೆ ಹಿಡಿದು, ವಾರಕ್ಕೆ ಎರಡು ಗಂಟೆ ಮನೆ ಸ್ವಚ್ಛ ಮಾಡಿಸಿಕೊಳ್ಳಲು ಹಣ ಒಪ್ಪಿದರು. ಹಣ ನನ್ನ ಕೈಗೆ ಬರುವುದಿಲ್ಲ. ಕೆಲಸ ಮಾಡಿದವರು ಬಿಲ್ಲು ಕಳಿಸುತ್ತಾರೆ, ಲೆಕ್ಕ ನೋಡುವವರೊಬ್ಬರು ನಿಧಿಯಿಂದ ಪಾವತಿ ಮಾಡುತ್ತಾರೆ.

ಮೊದಲ ಶನಿವಾರ ಆ ಹೆಣ್ಣುಮಗಳು ಬಂದಳು. ವಿಯೆಟ್ನಾಂನಿಂದ ಬಂದು ನೆಲೆಸಿದವಳು, ತನ್ನದೇ ಪುಟ್ಟ ಉದ್ಯೋಗ ಮಾಡಿಕೊಂಡವಳು. ಕೆಲಸ ಮುಗಿದ ಮೇಲೆ ಚಹಾ ಮಾಡಿದೆ. ಕಪಾಟು ತೆರೆದಾಗ ನನ್ನ ಕೈ ಮುಂದಿನ ಸಾಲಿನ ಕಪ್ಪು ಬಿಟ್ಟು, ಹಿಂದೆ ಇದ್ದ, ಅಂಚು ಒಡೆದ ಕಪ್ಪಿಗೆ ಹೋಯಿತು. ಯೋಚಿಸಿ ಹೋದದ್ದಲ್ಲ, ತಾನಾಗಿ ಹೋಯಿತು. ಸಣ್ಣವಳಿದ್ದಾಗ ನಮ್ಮ ಹಿತ್ತಲಲ್ಲಿ ಒಂದು ಬೇರೆ ಲೋಟ ಬೋರಲು ಹಾಕಿರುತ್ತಿತ್ತು. ಅದು ಯಾರಿಗೆ ಎಂದು ನಿಮಗೆಲ್ಲ ಗೊತ್ತು. ಎದೆಯ ಮೇಲೆ ಲಿಂಗ ಇದೆ, ಬಾಯಲ್ಲಿ ವಚನ ಇದೆ, ಕೈ ಮಾತ್ರ ಹಿತ್ತಲಿನ ಲೋಟ ಹುಡುಕುತ್ತಿದೆ. ಸತ್ಯಕ್ಕನನ್ನು ನೆನೆದೆ. ಶಿವಭಕ್ತರ ಮನೆಯಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡು, ದಾರಿಯಲ್ಲಿ ಬಿದ್ದ ಹೊನ್ನನ್ನೂ ಮುಟ್ಟೆನೆಂದ ತಾಯಿ. ಅವಳನ್ನು ವಚನಕಾರ್ತಿ ಎಂದು ಪೂಜಿಸುವ ನಾನು, ಅವಳೇ ಕಸಬರಿಗೆ ಹಿಡಿದು ಮನೆಗೆ ಬಂದರೆ ಯಾವ ಕಪ್ಪಿನಲ್ಲಿ ಚಹಾ ಕೊಡುತ್ತಿದ್ದೆ? ಆ ಕಪ್ಪನ್ನು ಅಂದೇ ಎಸೆದೆ.

ಇನ್ನೊಂದು ತಪ್ಪು ಒಪ್ಪಿಕೊಳ್ಳುವುದಿದೆ. ಅದು ಇದಕ್ಕಿಂತ ದೊಡ್ಡದು.

ಒಂದು ವರ್ಷ ಬಸವ ಜಯಂತಿಯ ಪ್ರಾರ್ಥನೆ ನಮ್ಮ ಮನೆಯಲ್ಲಿ. ನಲವತ್ತು ಜನ ಬರುವವರು. ಅವಳಿಗೆ ಹೇಳಿ ಮೂರು ದಿನ ಎರಡೆರಡು ಗಂಟೆ ಹೆಚ್ಚು ಕೆಲಸ ಮಾಡಿಸಿದೆ. ಗ್ಯಾರೇಜು ತೊಳೆಸಿದೆ, ಹಬ್ಬದ ಪಾತ್ರೆ ತಿಕ್ಕಿಸಿದೆ, ಬಂದುಹೋದವರ ಎಲೆ ಎತ್ತಿಸಿದೆ. ಗಂಟೆಗೆ ಐವತ್ತು ಡಾಲರ್ ದಾಟುವ ಕೂಲಿ, ಮುನ್ನೂರಕ್ಕೂ ಹೆಚ್ಚಾಯಿತು. ನಿಧಿಯಲ್ಲಿ ಹಣ ಮಿಕ್ಕಿತ್ತು. ಪರಿಚಯದವರೊಬ್ಬರು, "ವರ್ಷದ ಕೊನೆಗೆ ಉಳಿದರೆ ಮುಂದಿನ ವರ್ಷ ಕಡಿಮೆ ಮಾಡುತ್ತಾರೆ, ಅದರಲ್ಲೇ ಹಾಕಿಬಿಡಿ" ಎಂದರು. ನಾನು ಹೂಂ ಅಂದೆ. ಬಿಲ್ಲು ಬರೆಯುವಾಗ ಆ ಹೆಣ್ಣುಮಗಳು ಕೇಳಿದಳು: "ಅಕ್ಕ, ಇದನ್ನು ಏನೆಂದು ಬರೆಯಲಿ?"

ಅದೊಂದೇ ಪ್ರಶ್ನೆ. ನಾನು ನಾಳೆ ಹೇಳುತ್ತೇನೆ ಎಂದೆ.

ಮರುದಿನ ಪೂಜೆಗೆ ಕುಳಿತಾಗ ಲಿಂಗ ಅಂಗೈಯಲ್ಲಿ ನಿಲ್ಲಲಿಲ್ಲ. ಹಿಂದಿನ ದಿನ ಅದೇ ಮನೆಯಲ್ಲಿ ಮಕ್ಕಳಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದ್ದೆ. ಬಸವಣ್ಣನವರ ಮಹಾಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಹೆಚ್ಚು ತಂದ. ಇದು ನಮ್ಮ ಅಳತೆಯ ಅಕ್ಕಿಯಲ್ಲ, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಗಮನಿಸಿ, ಅಕ್ಕಿ ಆಯುವುದನ್ನು ಲಕ್ಕಮ್ಮ ನಾಚಿಕೆ ಎನ್ನಲಿಲ್ಲ. ದಾಸೋಹದ ಅಂಗಳದಿಂದ ದಿನವೂ ಅಕ್ಕಿ ಬರುತ್ತಿತ್ತು, ದಿನವೂ ಉಣ್ಣುತ್ತಿದ್ದರು, ಉಣಿಸುತ್ತಿದ್ದರು. ಅವಳು ಬೇಡವೆಂದದ್ದು ಮಿಕ್ಕ ಅಕ್ಕಿಯನ್ನು ಮಾತ್ರ. ವಾರಕ್ಕೆ ಎರಡು ಗಂಟೆ ನನ್ನ ಅಳತೆಯ ಅಕ್ಕಿ. ಹಬ್ಬದ ಆರು ಗಂಟೆ, ಚೆಲ್ಲಿ ಬರಬೇಕಾದ ಅಕ್ಕಿ. ಹಬ್ಬ ಮಾಡಿದ್ದು ನಾನು, ಅದಕ್ಕೆ ನನ್ನ ರೋಗ ಕಾರಣವಲ್ಲ.

ಫೋನ್ ಮಾಡಿ, ಆ ಆರು ಗಂಟೆಯ ಬಿಲ್ಲನ್ನು ನನ್ನ ಹೆಸರಿಗೆ ಬೇರೆ ಬರೆಯಲು ಹೇಳಿದೆ. ನನ್ನ ಸಂಬಳದಿಂದ ಕೊಟ್ಟೆ. ಅವಳು "ಒಳ್ಳೆಯದಾಯಿತು" ಎಂದಳು. ಸುಳ್ಳು ಬಿಲ್ಲಾಗಿದ್ದರೆ ಅವಳ ಕಾಯಕಕ್ಕೂ ಕಳಂಕ ಹತ್ತುತ್ತಿತ್ತು ಎಂಬುದು ನನಗೆ ಆಮೇಲೆ ಹೊಳೆಯಿತು.

ಅವ್ವಾ, ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ. ಆ ಎರಡು ಗಂಟೆಯಿಂದ ನನ್ನ ಕೊಡದಲ್ಲಿ ನೀರು ಉಳಿಯುತ್ತದೆ. ಆ ನೀರಿನಲ್ಲಿ ವಾರಕ್ಕೆ ಮೂರು ದಿನ ಮನೆಯಿಂದಲೇ ಒಂದು ಸಂಸ್ಥೆಯ ಲೆಕ್ಕಪತ್ರ ಬರೆಯುತ್ತೇನೆ, ತೆರಿಗೆ ಕಟ್ಟುತ್ತೇನೆ. ಭಾನುವಾರ ಹನ್ನೊಂದು ಮಕ್ಕಳಿಗೆ ವಚನ ಕಲಿಸುತ್ತೇನೆ. ಕಸ ಹೊಡೆಸಿಕೊಂಡದ್ದು ಮೈಗಳ್ಳತನಕ್ಕಲ್ಲ, ನನ್ನ ಕಾಯಕ ನಿಲ್ಲಬಾರದೆಂದು. ನಿನ್ನ ಇನ್ನೊಂದು ಕೈ ಮುರಿಯಬಾರದೆಂದು.

ಕೊನೆಯದಾಗಿ ಇಲ್ಲಿಯ ಮಾತು. ನಮ್ಮ ದೇಶದ 2011ರ ಜನಗಣತಿಯಲ್ಲಿ 2.68 ಕೋಟಿ ವಿಕಲಚೇತನರನ್ನು ಎಣಿಸಿದ್ದಾರೆ. ಅವರ ಮನೆಗಳಲ್ಲಿ ಕಸ ಹೊಡೆಯುವವರು ಯಾರು? ಅವ್ವ, ಅಕ್ಕ, ಸೊಸೆ, ಶಾಲೆ ಬಿಟ್ಟ ಮಗಳು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಕಲಮು, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತನ್ನು ಬಾಯಿಬಿಟ್ಟು ಹೇಳುತ್ತದೆ. ಇಲ್ಲಿ ಕುಳಿತ ಎಷ್ಟು ಜನರಿಗೆ ಅದು ಗೊತ್ತಿತ್ತು? ನಿಮ್ಮ ಪಂಚಾಯತಿಯಲ್ಲಿ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಹೋಗಿ ಕೇಳಿ. ನಾಚಬೇಡಿ, ಮನೆ ಗುಡಿಸಿ ಮುಚ್ಚಿಡಬೇಡಿ.

ಅಪ್ಪಗಳಲ್ಲಿ ಒಂದು ಬಿನ್ನಹ. ಈ ಮಠದ ದಾಸೋಹ ಹಸಿದು ಬಾಗಿಲಿಗೆ ಬಂದವರನ್ನು ಎಂದೂ ಹಾಗೇ ಕಳಿಸಿಲ್ಲ. ಬಾಗಿಲವರೆಗೆ ಬರಲಾರದವರೂ ಇದ್ದಾರೆ. ಈ ಊರಲ್ಲಿ ಅಂಥ ಮನೆ ಎಷ್ಟು ಎಂದು ಮೊದಲು ಎಣಿಸೋಣ. ಅಂಥ ಒಂದೊಂದು ಮನೆಗೆ ವಾರಕ್ಕೆ ಎರಡು ಗಂಟೆ ಒಬ್ಬರು ಹೋಗಿ ಗುಡಿಸಿ, ತೊಳೆದು ಬರಲಿ. ಪುಕ್ಕಟೆ ಸೇವೆ ಎಂದು ಯಾವ ಬಡ ಹೆಣ್ಣುಮಗಳನ್ನೂ ಕಳಿಸುವುದು ಬೇಡ. ನ್ಯಾಯವಾದ ಕೂಲಿ ಕೊಟ್ಟು ಕಳಿಸೋಣ, ಒಳಗೆ ಕೂರಿಸಿ ನಮ್ಮದೇ ಲೋಟದಲ್ಲಿ ಚಹಾ ಕೊಡೋಣ. ಮೊದಲ ಐದು ಮನೆಯ ಒಂದು ವರ್ಷದ ಕೂಲಿಗೆ ನನ್ನ ಪಾಲನ್ನು ಇವತ್ತೇ ಕಚೇರಿಯಲ್ಲಿ ಕಟ್ಟಿ ಹೋಗುತ್ತೇನೆ. ಉಳಿದದ್ದನ್ನು ನೀವು ಕೂಡಿಸಬೇಕು.

ಇಷ್ಟು ಹೊತ್ತು ಕೇಳಿದಿರಿ. ನನ್ನ ಕೊಡ ಖಾಲಿಯಾಗುತ್ತ ಬಂತು.